ಅಮೆರಿಕ ಮತ್ತು ಶ್ರೀಲಂಕಾ: ಜೀವನಮಟ್ಟವನ್ನು ಯಾವ ಕೋಲಿನಿಂದ ಅಳೆಯುವುದು?

ನುಗೇಗೊಡ–ಎಡಿಸನ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಕಡೆಯವನು. ಸಿದ್ಧ ಉಡುಪು ಉದ್ಯಮದಲ್ಲಿ ಗುಣಮಟ್ಟ ತಪಾಸಣೆಯ ಕೆಲಸ ಮಾಡಿಕೊಂಡು 2014ರಿಂದ 2022ರ ಆಗಸ್ಟ್‌ವರೆಗೆ ಕೊಲಂಬೊ ಪಕ್ಕದ ನುಗೇಗೊಡದಲ್ಲಿ ಸಂಸಾರ ಸಮೇತ ಇದ್ದೆ. ಅಲ್ಲಿಂದ ನೇರವಾಗಿ ಅಮೆರಿಕದ ನ್ಯೂಜೆರ್ಸಿಗೆ ಬಂದು ಎಡಿಸನ್‌ನಲ್ಲಿ ಮನೆ ಮಾಡಿದ್ದೇನೆ. ಊರಿನಲ್ಲಿ ಅರ್ಥಶಾಸ್ತ್ರ ಓದುತ್ತಿರುವ ಅಕ್ಕನ ಮಗನಿಗೆ ಕಾಲೇಜಿನಲ್ಲಿ ಒಂದು ಪ್ರಬಂಧ ಕೊಟ್ಟಿದ್ದಾರೆ: ಒಂದು ಶ್ರೀಮಂತ ರಾಷ್ಟ್ರದ ಮತ್ತು ಒಂದು ಅಭಿವೃದ್ಧಿಶೀಲ ದ್ವೀಪರಾಷ್ಟ್ರದ ಜೀವನಮಟ್ಟವನ್ನು ಹೋಲಿಸಬೇಕು. "ಮಾವ, ನೀವು ಎರಡೂ ಕಡೆ ಬಾಳಿದವರು. ಎಲ್ಲಿ ಚೆನ್ನಾಗಿದ್ದಿರಿ, ಒಂದೇ ಮಾತಿನಲ್ಲಿ ಹೇಳಿ" ಎಂದ. ಹೇಳಲು ಹೊರಟಾಗ ನನಗೆ ಮಾತು ಹೊರಡಲಿಲ್ಲ, ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ನಾವಿದ್ದ ಓಣಿಯಲ್ಲಿ ಎದುರುಮನೆಯವರು ತ್ರೀವೀಲ್ ಓಡಿಸಿ ಸಂಸಾರ ನಡೆಸುವವರು. ಆಟೋರಿಕ್ಷಾವನ್ನು ಅಲ್ಲಿ ಹಾಗೆಯೇ ಕರೆಯುತ್ತಾರೆ. ಅವರ ಹೆಂಡತಿ ಗರ್ಭಿಣಿಯಾದಾಗ ಆ ಪ್ರದೇಶದ ಸರಕಾರಿ ಮಿಡ್‌ವೈಫ್ ಸ್ಕೂಟರಿನಲ್ಲಿ ಮನೆಗೇ ಬಂದು, ತೂಕ, ರಕ್ತದೊತ್ತಡ, ಊಟ ಎಲ್ಲವನ್ನೂ ವಿಚಾರಿಸಿ ದಾಖಲೆಯಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಹೆರಿಗೆ ಸರಕಾರಿ ಆಸ್ಪತ್ರೆಯಲ್ಲಾಯಿತು, ಅದಕ್ಕೆ ಅವರು ಒಂದು ರೂಪಾಯಿ ಕೊಡಲಿಲ್ಲ. ಬಾಣಂತನದ ದಿನಗಳಲ್ಲೂ ಅದೇ ಮಿಡ್‌ವೈಫ್ ಬಂದು ಮಗುವನ್ನು ನೋಡಿದರು. ನಾವು ವಿದೇಶಿಯರೆಂದು ತಿಳಿದ ಮೇಲೂ ಅವರು ನಮ್ಮ ಬಾಗಿಲಿಗೆ ಬಂದು, ಮಗಳಿಗೆ ಯಾವ ಚುಚ್ಚುಮದ್ದು ಆಗಿದೆ, ಯಾವುದು ಬಾಕಿ ಎಂದು ಕೇಳಿದ್ದುಂಟು.

ಎಡಿಸನ್‌ಗೆ ಬಂದ ಮರುವರ್ಷ ಅದೇ ಮಗಳು ಉಯ್ಯಾಲೆಯಿಂದ ಬಿದ್ದು ಮುಂಗೈ ಮುರಿದುಕೊಂಡಳು. ತುರ್ತು ಚಿಕಿತ್ಸೆ ಅಚ್ಚುಕಟ್ಟಾಗಿತ್ತು, ನೋವಿನ ಔಷಧ ಹತ್ತೇ ನಿಮಿಷದಲ್ಲಿ ಸಿಕ್ಕಿತು. ಆದರೆ ಮುಂದಿನ ಎರಡು ತಿಂಗಳಲ್ಲಿ ಮೂರು ಬೇರೆ ಬೇರೆ ಲಕೋಟೆಗಳು ಬಂದವು: ಆಸ್ಪತ್ರೆಯದೊಂದು, ವೈದ್ಯರದೊಂದು, ಎಕ್ಸ್‌ರೇ ಓದಿದವರದೊಂದು. ವಿಮೆ ಇದ್ದೂ ನಮ್ಮ ಕೈಯಿಂದ ಎರಡು ಸಾವಿರ ಡಾಲರಿಗೂ ಹೆಚ್ಚು ಹೋಯಿತು.

ಇಷ್ಟು ಹೇಳಿದರೆ ಶ್ರೀಲಂಕಾವೇ ಮೇಲು ಎಂದಂತೆ ಕೇಳಿಸಬಹುದು. ಅದೂ ನನ್ನ ಅಭಿಪ್ರಾಯವಲ್ಲ. 2022ರಲ್ಲಿ ಅಲ್ಲಿ ಕಂಡದ್ದನ್ನು ಆಮೇಲೆ ಬರೆಯುತ್ತೇನೆ. ಮೊದಲು ಬಲ್ಲವರು ಅಳತೆಯ ವಿಷಯ ಹೇಳಿ.

ಲೆಕ್ಕದ ಪುಸ್ತಕ

ಅಂಕಿಗಳಿಂದ ಶುರು ಮಾಡುವುದು ಒಳ್ಳೆಯದು, ಇಲ್ಲವಾದರೆ ಚರ್ಚೆ ಅವರವರ ಅನುಭವದ ಕಡೆಗೆ ವಾಲಿಬಿಡುತ್ತದೆ. 2023ರ ಸುಮಾರಿಗೆ ಅಮೆರಿಕದ ತಲಾ ಉತ್ಪನ್ನ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದಾಗ ಬರುವ ಮೊತ್ತ, 80 ಸಾವಿರ ಡಾಲರ್ ದಾಟಿತ್ತು, ಶ್ರೀಲಂಕಾದ್ದು 4 ಸಾವಿರ ಡಾಲರಿಗೂ ಕಡಿಮೆ. ಅಂದರೆ ಇಪ್ಪತ್ತು ಪಟ್ಟಿಗೂ ಮೇಲಿನ ಅಂತರ. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಅಂದರೆ ಒಂದು ಡಾಲರಿಗೆ ಆಯಾ ದೇಶದಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ಹೊಂದಿಸಿ ನೋಡಿದಾಗ, ಈ ಅಂತರ ಐದಾರು ಪಟ್ಟಿಗೆ ಇಳಿಯುತ್ತದೆ. ಪತ್ರಿಕೆಗಳು ಮೊದಲನೆಯದನ್ನು ಕೊಡುತ್ತವೆ, ಪಠ್ಯಪುಸ್ತಕಗಳು ಎರಡನೆಯದನ್ನು ಕೊಡುತ್ತವೆ, ವಿದ್ಯಾರ್ಥಿಗಳು ಎರಡನ್ನೂ ಕಲಸಿ ಬರೆಯುತ್ತಾರೆ. ನಿಮ್ಮ ಸೋದರಳಿಯನಿಗೆ ಮೊದಲು ಇದನ್ನು ಹೇಳಿ.

ಎರಡನೆಯ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬಾರದು. ಕ್ಷೌರ, ಮನೆಗೆಲಸ, ಬಸ್ಸಿನ ಪ್ರಯಾಣ, ಮಧ್ಯಾಹ್ನದ ಅನ್ನದ ಪೊಟ್ಟಣ ಇವೆಲ್ಲ ಕೊಲಂಬೊದಲ್ಲಿ ಅಗ್ಗ, ಏಕೆಂದರೆ ಅವುಗಳ ಬೆಲೆಯಲ್ಲಿ ಇರುವುದು ಸ್ಥಳೀಯ ಕೂಲಿ. ಪೆಟ್ರೋಲ್, ಅಡುಗೆ ಅನಿಲ, ಹಾಲಿನ ಪುಡಿ, ಔಷಧದ ಕಚ್ಚಾವಸ್ತು, ಮೊಬೈಲ್ ಫೋನ್ ಇವನ್ನು ಡಾಲರ್ ಕೊಟ್ಟೇ ತರಬೇಕು, ಅವಕ್ಕೆ ಕೊಲಂಬೊ ಎಂಬ ಕಾರಣಕ್ಕೆ ರಿಯಾಯಿತಿ ಇಲ್ಲ. ದ್ವೀಪರಾಷ್ಟ್ರವೆಂದರೆ ಇದೇ. 65 ಸಾವಿರ ಚದರ ಕಿಲೋಮೀಟರಿನ, ನಮ್ಮ ಕರ್ನಾಟಕದ ಮೂರನೇ ಒಂದು ಪಾಲಿನಷ್ಟಿರುವ ನೆಲದಲ್ಲಿ ಎಲ್ಲವನ್ನೂ ತಯಾರಿಸಲಾಗುವುದಿಲ್ಲ. ಕಾರಿನ ಉದಾಹರಣೆ ನೋಡಿ. ವಿದೇಶಿ ವಿನಿಮಯ ಉಳಿಸಲೆಂದು 2020ರಲ್ಲಿ ಅಲ್ಲಿ ವಾಹನಗಳ ಆಮದನ್ನು ನಿಲ್ಲಿಸಿದರು, ಖಾಸಗಿ ಕಾರುಗಳಿಗೆ ಮತ್ತೆ ಬಾಗಿಲು ತೆರೆದದ್ದು 2025ರಲ್ಲಿ. ಆ ನಡುವಿನ ವರ್ಷಗಳಲ್ಲಿ ಹಳೆಯ ಕಾರುಗಳು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಾಟವಾದವು.

ಇನ್ನು ಆಯುಷ್ಯ. ಅಮೆರಿಕದ ಸರಾಸರಿ ಜೀವಿತಾವಧಿ 2019ರಲ್ಲಿ 78.8 ವರ್ಷ ಇದ್ದದ್ದು 2021ರಲ್ಲಿ 76.4ಕ್ಕೆ ಕುಸಿದು ಆಮೇಲೆ ಚೇತರಿಸಿಕೊಂಡಿತು. ಶ್ರೀಲಂಕಾದ್ದು ಸುಮಾರು 77. ಇಪ್ಪತ್ತು ಪಟ್ಟು ಹಣದ ಅಂತರವಿರುವ ಎರಡು ದೇಶಗಳು ಆಯುಷ್ಯದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿರುವುದನ್ನು ಈ ಪ್ರಬಂಧ ವಿವರಿಸಬೇಕು. ಉಳಿದದ್ದು ಪಟ್ಟಿ ತುಂಬಿಸುವ ಕೆಲಸ.

ಬಯಲುಸೀಮೆ

ಕ್ಷಮಿಸಿ, ನನಗೆ ಈ ಹೋಲಿಕೆಯೇ ಸರಿಕಾಣುವುದಿಲ್ಲ. 2022ರಲ್ಲಿ ಬತ್ತರಮುಲ್ಲದ ಪಾಸ್‌ಪೋರ್ಟ್ ಕಚೇರಿಯ ಮುಂದೆ ಜನ ರಾತ್ರಿಯೆಲ್ಲ ಸಾಲುಗಟ್ಟಿ ನಿಂತಿದ್ದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಆ ಒಂದೇ ವರ್ಷದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಉದ್ಯೋಗಕ್ಕೆಂದು ನೋಂದಣಿ ಮಾಡಿಕೊಂಡು ದೇಶ ಬಿಟ್ಟರು. ನ್ಯೂಜೆರ್ಸಿಯಿಂದ ನುಗೇಗೊಡಕ್ಕೆ ಹೋಗಿ ನೆಲೆಸಲು ಹಾಗೆ ಸಾಲು ನಿಂತವರನ್ನು ಯಾರಾದರೂ ಕಂಡಿದ್ದೀರಾ? ಜೀವನಮಟ್ಟ ಯಾವುದು ಮೇಲು ಎಂಬುದನ್ನು ಜನರ ಕಾಲುಗಳೇ ತೀರ್ಮಾನಿಸಿವೆ. ಮೂರು ಲಕೋಟೆ ಬಂದವೆಂದು ನೊಂದುಕೊಂಡ ಮಾನ್ಯರೂ ತಮ್ಮ ಕಾಲುಗಳನ್ನು ಯಾವ ದಿಕ್ಕಿಗೆ ಇಟ್ಟಿದ್ದಾರೆ ಎಂಬುದನ್ನು ಗಮನಿಸಬೇಕು.

ಓಹಾಯೋ ದಾದಿ

ಬಯಲುಸೀಮೆಯವರ ಮಾತಿನಲ್ಲಿ ಹುರುಳಿದೆ. ನಾನೂ ಹಾಗೆ ಕಾಲಿಟ್ಟವಳೇ. ಹದಿನಾರು ವರ್ಷದಿಂದ ಇಲ್ಲಿ ಆಸ್ಪತ್ರೆಯ ದಾದಿಯಾಗಿದ್ದೇನೆ, ಈ ಸಂಬಳದಲ್ಲಿ ಹಾಸನದಲ್ಲಿರುವ ತಂದೆತಾಯಿಯ ಮನೆ ಕಟ್ಟಿಸಿದ್ದೇನೆ. ಆದರೆ ವಲಸೆ ಹೋಗುವವರು ಸರಾಸರಿ ಜನರಲ್ಲ. ನಾವು ಕೈಯಲ್ಲಿ ಕೆಲಸ, ಕೆಲಸದ ಜೊತೆ ವಿಮೆ ಹಿಡಿದುಕೊಂಡೇ ವಿಮಾನ ಇಳಿದವರು. ಅಮೆರಿಕದ ಬಡವರ ಬಾಳು ನಮಗೆ ಕಾಣುವುದು ಕೆಲಸದ ಜಾಗದಲ್ಲಿ ಮಾತ್ರ.

ಈ ದೇಶ ತನ್ನ ಉತ್ಪನ್ನದ ಶೇ. 17ಕ್ಕೂ ಹೆಚ್ಚನ್ನು ಆರೋಗ್ಯಕ್ಕೆ ಖರ್ಚು ಮಾಡುತ್ತದೆ, ಜಗತ್ತಿನ ಯಾವ ದೊಡ್ಡ ದೇಶವೂ ಅಷ್ಟು ಮಾಡುವುದಿಲ್ಲ. ಆದರೂ ಸುಮಾರು ಎರಡೂವರೆ ಕೋಟಿ ಜನರಿಗೆ ವಿಮೆಯಿಲ್ಲ. 1986ರ ಕಾನೂನಿನ ಪ್ರಕಾರ ತುರ್ತು ಸ್ಥಿತಿಯಲ್ಲಿ ಬಂದವರನ್ನು ಹಣವಿಲ್ಲವೆಂದು ಆಸ್ಪತ್ರೆ ಹಿಂದಕ್ಕೆ ಕಳಿಸುವಂತಿಲ್ಲ. ಹೀಗಾಗಿ ಸಕ್ಕರೆ ಕಾಯಿಲೆಯ ಮಾತ್ರೆಗೆ ಹಣವಿಲ್ಲದವರು ಕಾಲು ಕೊಳೆತ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಕಾಲು ತೆಗೆಯುವ ಶಸ್ತ್ರಚಿಕಿತ್ಸೆ ಅತ್ಯುತ್ತಮವಾಗಿ ನಡೆಯುತ್ತದೆ. ಅದಕ್ಕೆ ಮೊದಲಿನ ಹತ್ತು ವರ್ಷ ಅವರ ಮನೆಗೆ ಯಾರೂ ಹೋಗಿರುವುದಿಲ್ಲ. ಆರಂಭಿಸಿದವರು ಬರೆದ ಸ್ಕೂಟರಿನ ಮಿಡ್‌ವೈಫ್ ನನ್ನ ತಲೆಯಲ್ಲಿ ಕುಳಿತುಬಿಟ್ಟಿದ್ದಾರೆ. ಅಂಥವರು ನಮ್ಮ ಜಿಲ್ಲೆಯಲ್ಲಿ ಇದ್ದಿದ್ದರೆ ನನ್ನ ವಾರ್ಡಿನ ಅರ್ಧ ಹಾಸಿಗೆ ಖಾಲಿ ಇರುತ್ತಿತ್ತೋ ಏನೋ.

2021ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಇಲ್ಲಿ ಸತ್ತ ತಾಯಂದಿರ ಪ್ರಮಾಣ 32.9, ಕಪ್ಪು ಜನಾಂಗದ ತಾಯಂದಿರಲ್ಲಿ 69.9. ಅದು ಕೋವಿಡ್ ವರ್ಷ, ಮರುವರ್ಷ ಒಟ್ಟು ಪ್ರಮಾಣ 22ಕ್ಕೆ ಇಳಿಯಿತು, ಸಾವುಗಳನ್ನು ಎಣಿಸುವ ಪದ್ಧತಿಯ ಬಗ್ಗೆಯೂ ಇಲ್ಲಿ ವಾದಗಳಿವೆ. ಇಷ್ಟೆಲ್ಲ ರಿಯಾಯಿತಿ ಕೊಟ್ಟರೂ, ಸುಮಾರು 30ರ ಆಸುಪಾಸಿನಲ್ಲಿರುವ ಶ್ರೀಲಂಕಾದ ಜೊತೆ ಅಮೆರಿಕವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಕಾಗಿ ಬರುವುದೇ ವಿಚಿತ್ರ. ಸಂಬಳ ಸಹಿತ ಹೆರಿಗೆ ರಜೆ ಕೊಡಲೇಬೇಕೆಂಬ ಕಾನೂನು ಇಡೀ ಅಮೆರಿಕಕ್ಕೆ ಅನ್ವಯಿಸುವಂತೆ ಇಂದಿಗೂ ಇಲ್ಲ. 1993ರ ಕಾನೂನು ಕೊಡುವುದು ಹನ್ನೆರಡು ವಾರಗಳ ಸಂಬಳವಿಲ್ಲದ ರಜೆ, ಅದೂ ಎಲ್ಲರಿಗಲ್ಲ. ಶ್ರೀಲಂಕಾದಲ್ಲಿ 84 ದಿನಗಳ ಸಂಬಳದ ರಜೆ ಇದೆ.

ನಿವೃತ್ತ ಮೇಷ್ಟ್ರು, ಧಾರವಾಡ

ಆ ಮಿಡ್‌ವೈಫ್ ಇದ್ದಕ್ಕಿದ್ದಂತೆ ಬಂದವರಲ್ಲ. ಅವರ ಹಿಂದೆ ಸುಮಾರು ನೂರು ವರ್ಷದ ಕಥೆಯಿದೆ. ಅದನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರ ಬರೆಯಲಾಗದು.

1926ರಲ್ಲಿ, ಸಿಲೋನ್ (ಶ್ರೀಲಂಕಾದ ಆಗಿನ ಹೆಸರು) ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ, ಕೊಲಂಬೊದ ದಕ್ಷಿಣಕ್ಕಿರುವ ಕಳುತರದಲ್ಲಿ ಮೊದಲ ಆರೋಗ್ಯ ಘಟಕ ಆರಂಭವಾಯಿತು. ರೋಗಿ ಬರುವವರೆಗೆ ಕಾಯದೆ, ಒಬ್ಬ ವೈದ್ಯಾಧಿಕಾರಿಯ ಕೈಕೆಳಗೆ ನೈರ್ಮಲ್ಯ ತಪಾಸಕರು ಮತ್ತು ಮಿಡ್‌ವೈಫ್‌ಗಳು ಒಂದು ಗೊತ್ತಾದ ಪ್ರದೇಶದ ಎಲ್ಲ ಮನೆಗಳ ಹೊಣೆ ಹೊರುವ ವ್ಯವಸ್ಥೆ ಅದು. ಈಗಲೂ ದೇಶ ಇದೇ ಜಾಡಿನಲ್ಲಿ ನಡೆಯುತ್ತಿದೆ. 1931ರಲ್ಲಿ ಬ್ರಿಟಿಷರು ಕೊಟ್ಟ ಡೊನೊಮೋರ್ ಸಂವಿಧಾನದ ಮೂಲಕ ಅಲ್ಲಿನ ಗಂಡಸರಿಗೂ ಹೆಂಗಸರಿಗೂ ಸಾರ್ವತ್ರಿಕ ಮತದಾನದ ಹಕ್ಕು ಬಂತು. ಆಗ ನಮ್ಮಲ್ಲಿ ಮೈಸೂರು ಸಂಸ್ಥಾನವಿತ್ತು, ಮುಂಬಯಿ ಪ್ರಾಂತವಿತ್ತು, ಎಲ್ಲರಿಗೂ ಮತ ಎಂಬುದು ದೂರದ ಮಾತಾಗಿತ್ತು. ಮತ ಬೇಕೆಂದರೆ ಹಳ್ಳಿಗೆ ಆಸ್ಪತ್ರೆ ಕೊಡಿ, ಶಾಲೆ ಕೊಡಿ ಎಂದು ಜನ ಕೇಳತೊಡಗಿದರು. 1934–35ರಲ್ಲಿ ಮಲೇರಿಯಾ ಬಂದು ಸುಮಾರು ಎಂಬತ್ತು ಸಾವಿರ ಜನರನ್ನು ಕೊಂಡೊಯ್ದಾಗ ಆ ಕೂಗು ಇನ್ನೂ ಗಟ್ಟಿಯಾಯಿತು. ಯುದ್ಧಕಾಲದಲ್ಲಿ ಅಕ್ಕಿಯ ಪಡಿತರ ಬಂತು. ಸಿ. ಡಬ್ಲ್ಯೂ. ಡಬ್ಲ್ಯೂ. ಕನ್ನಂಗರ ಅವರು ಶಿಕ್ಷಣ ಮಂತ್ರಿಯಾಗಿ ಹೋರಾಡಿ ತಂದ ಉಚಿತ ಶಿಕ್ಷಣ 1945ರಲ್ಲಿ, ಅಂದರೆ ಸ್ವಾತಂತ್ರ್ಯಕ್ಕೂ ಮುಂಚೆ ಜಾರಿಗೆ ಬಂತು. ಇಂದಿಗೂ ಅಲ್ಲಿನ ಸರಕಾರಿ ಶಾಲೆಯ ಮಗುವಿಗೆ ಪುಸ್ತಕವೂ ಸಮವಸ್ತ್ರದ ಬಟ್ಟೆಯೂ ಸರಕಾರದಿಂದ ಬರುತ್ತವೆ.

1940ರ ದಶಕದ ಮಧ್ಯದಲ್ಲಿ ಲಕ್ಷಕ್ಕೆ ಸಾವಿರದ ಐನೂರನ್ನೂ ಮೀರಿದ್ದ ತಾಯಂದಿರ ಮರಣ ಇಂದಿನ ಮಟ್ಟಕ್ಕೆ ಇಳಿದದ್ದು ಈ ದಾರಿಯಿಂದ. 2018–20ರ ಲೆಕ್ಕದಲ್ಲಿ ನಮ್ಮ ಕರ್ನಾಟಕದ ಅಂಕಿ 69 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಮಲೇರಿಯಾದ ಕಥೆಯೂ ಹೀಗೆಯೇ. 1963ರಲ್ಲಿ ಇಡೀ ದ್ವೀಪದಲ್ಲಿ ಕೇವಲ 17 ಪ್ರಕರಣಗಳಿದ್ದವು. ಗೆದ್ದೆವೆಂದು ಕೈಬಿಟ್ಟಿದ್ದರಿಂದ ಆ ದಶಕದ ಕೊನೆಗೆ ರೋಗ ಲಕ್ಷಗಳ ಸಂಖ್ಯೆಯಲ್ಲಿ ಮರುಕಳಿಸಿತು. ಮತ್ತೆ ಪಟ್ಟುಹಿಡಿದು, ನಡುವೆ 1983ರಿಂದ 2009ರವರೆಗಿನ ಯುದ್ಧವನ್ನೂ ದಾಟಿ, 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಲೇರಿಯಾಮುಕ್ತ ದೇಶವೆಂಬ ಪ್ರಮಾಣಪತ್ರ ಪಡೆದರು.

ಇಷ್ಟಕ್ಕೆಲ್ಲ ಸರಕಾರ ವೆಚ್ಚ ಮಾಡಿದ್ದು ಬಹುತೇಕ ವರ್ಷಗಳಲ್ಲಿ ಉತ್ಪನ್ನದ ಶೇ. 2ರ ಆಚೀಚೆ. ಒಂದು ಸಮಾಜ ಬಡತನದಲ್ಲಿದ್ದುಕೊಂಡೇ ಯಾವುದನ್ನು ಮೊದಲು ಮಾಡಬೇಕೆಂದು ತೀರ್ಮಾನಿಸಿತು. ಅಮೆರಿಕದ ಮುಂದೆ ಅಂಥ ತೀರ್ಮಾನದ ಅನಿವಾರ್ಯತೆ ಬರಲೇ ಇಲ್ಲ, ಅಲ್ಲಿ ವೃದ್ಧರಿಗೂ ಬಡವರಿಗೂ ಸರಕಾರಿ ವಿಮೆ ಬಂದದ್ದು 1965ರಲ್ಲಿ.

ಸುಳ್ಯ ಸೀಮೆ

ಮೇಷ್ಟ್ರ ಕಥೆ ಚೆನ್ನಾಗಿದೆ, ಆದರೆ ಅದರಲ್ಲಿ ನಮ್ಮವರು ಬರಲಿಲ್ಲ. ನಾನು ದಕ್ಷಿಣ ಕನ್ನಡದ ಸುಳ್ಯ ತಾಲೂಕಿನ ರಬ್ಬರ್ ತೋಟದ ಮನೆಯಲ್ಲಿ ಹುಟ್ಟಿದವಳು. ನಮ್ಮ ಅಜ್ಜ ಅಜ್ಜಿ ಬಂದದ್ದು ಸಿಲೋನಿನ ಬೆಟ್ಟದ ಚಹಾ ತೋಟದಿಂದ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು ಕಲಿತು ಬೆಳೆದವರು ನಾವು.

1931ರಲ್ಲಿ ಎಲ್ಲರಿಗೂ ಮತದ ಹಕ್ಕು ಬಂತು ಎಂದಿರಿ. ತೋಟದ ತಮಿಳರ ವಿಷಯದಲ್ಲಿ ಆಗಲೂ ನೂರೆಂಟು ಷರತ್ತುಗಳಿದ್ದವು. ಸ್ವಾತಂತ್ರ್ಯ ಬಂದ ವರ್ಷವೇ, 1948ರ ಪೌರತ್ವ ಕಾನೂನಿನಿಂದ, ಆ ದೇಶಕ್ಕೆ ವಿದೇಶಿ ವಿನಿಮಯ ದುಡಿದುಕೊಡುತ್ತಿದ್ದ ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಅಲ್ಲಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮತ್ತು ನಮ್ಮ ಪ್ರಧಾನಿ ಶಾಸ್ತ್ರಿಯವರು ಒಪ್ಪಂದ ಮಾಡಿಕೊಂಡು, ಐದೂಕಾಲು ಲಕ್ಷ ಜನರನ್ನು ಭಾರತ ತೆಗೆದುಕೊಳ್ಳುವುದೆಂದೂ ಮೂರು ಲಕ್ಷ ಜನರನ್ನು ಸಿಲೋನ್ ಇಟ್ಟುಕೊಳ್ಳುವುದೆಂದೂ ಹಂಚಿಕೊಂಡರು. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಸಿಲೋನಿನಲ್ಲೇ ಉಳಿದವರಲ್ಲಿ ಕೊನೆಯವರಿಗೆ ಪೌರತ್ವ ಸಿಕ್ಕಿದ್ದು 2003ರ ಕಾನೂನಿನ ನಂತರ.

ಅಜ್ಜಿ ಹೇಳುತ್ತಿದ್ದ "ಲಯ" ಎಂದರೆ ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗಳ ಉದ್ದನೆಯ ಸಾಲು. ಒಂದು ಕೋಣೆಗೆ ಒಂದು ಕುಟುಂಬ. ಬ್ರಿಟಿಷರು ಕಟ್ಟಿಸಿದ ಆ ಸಾಲುಮನೆಗಳಲ್ಲಿ ಇಂದಿಗೂ ಜನರಿದ್ದಾರೆ. ದೇಶದ ಉಳಿದೆಡೆ ಮಿಡ್‌ವೈಫ್ ಮನೆಗೆ ಹೋಗುತ್ತಿದ್ದ ಕಾಲದಲ್ಲಿ ತೋಟದ ಆರೋಗ್ಯ ತೋಟದ ಆಡಳಿತಕ್ಕೆ ಬಿಟ್ಟ ವಿಷಯವಾಗಿತ್ತು, ತೋಟದ ಶಾಲೆಗಳು ಸರಕಾರದ ಕೈಗೆ ಬಂದದ್ದು 1970ರ ದಶಕದಲ್ಲಿ. 2016ರ ಸಮೀಕ್ಷೆಯಲ್ಲಿ ಇಡೀ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಸುಮಾರು ಶೇ. 17 ಇದ್ದರೆ, ತೋಟಗಳಲ್ಲಿ ಸುಮಾರು ಶೇ. 32 ಇದ್ದರು.

ಓಹಾಯೋ ಅಕ್ಕ ಕಪ್ಪು ತಾಯಂದಿರ ಅಂಕಿಯನ್ನು ಬೇರೆಯಾಗಿ ಕೊಟ್ಟರು, ಒಳ್ಳೆಯದಾಯಿತು. ಶ್ರೀಲಂಕಾಕ್ಕೂ ಹಾಗೆಯೇ ಬೇರೆ ಮಾಡಿ ಬರೆಯಬೇಕು. ನಿಮ್ಮ ಸೋದರಳಿಯನ ಪ್ರಬಂಧದಲ್ಲಿ "ಶ್ರೀಲಂಕಾ" ಎಂಬ ಒಂದೇ ಕಂಬಸಾಲು ಇದ್ದರೆ ಚಹಾ ಬೆಟ್ಟಗಳ ನುವರ ಎಲಿಯದ ಸಾಲುಮನೆ ಅದರಲ್ಲಿ ಕಾಣುವುದಿಲ್ಲ.

ನುಗೇಗೊಡ–ಎಡಿಸನ್

ಸುಳ್ಯದ ತಂಗಿ, ನಿಮ್ಮ ಮಾತನ್ನು ಹಾಗೆಯೇ ಅವನಿಗೆ ಕಳಿಸುತ್ತಿದ್ದೇನೆ. ಎಂಟು ವರ್ಷ ಅಲ್ಲಿದ್ದು ನುವರ ಎಲಿಯಕ್ಕೆ ನಾಲ್ಕು ಸಲ ಹೋಗಿದ್ದೇನೆ, ಹೂವಿನ ತೋಟ ನೋಡಿ ಬಂದಿದ್ದೇನೆ, ಸಾಲುಮನೆಯೊಳಗೆ ಒಮ್ಮೆಯೂ ಹೋಗಿಲ್ಲ.

ಈಗ 2022. ಮಾರ್ಚ್ ಕೊನೆಗೆ ದಿನಕ್ಕೆ ಹದಿಮೂರು ಗಂಟೆ ವಿದ್ಯುತ್ ಕಡಿತ. ವಿದ್ಯುತ್ ಇಲ್ಲದಿದ್ದರೆ ನೀರು ಮೇಲಿನ ತೊಟ್ಟಿಗೆ ಏರುವುದಿಲ್ಲ. ಅಡುಗೆ ಅನಿಲ ಸಿಗದೆ ನನ್ನ ಹೆಂಡತಿ ಬಾಲ್ಕನಿಯಲ್ಲಿ ಸೌದೆ ಒಲೆ ಹೂಡಿದಳು. ಕಾಗದ ತರಿಸಲು ಡಾಲರ್ ಇಲ್ಲವೆಂದು ಪಶ್ಚಿಮ ಪ್ರಾಂತದ ಶಾಲಾ ಪರೀಕ್ಷೆಗಳನ್ನು ಮುಂದೂಡಿದರು. ಏಪ್ರಿಲ್ 12ರಂದು ಸರಕಾರ ವಿದೇಶಿ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. ಇನ್ನೂರು ರೂಪಾಯಿಗೆ ಸಿಗುತ್ತಿದ್ದ ಡಾಲರ್ ಮುನ್ನೂರ ಅರವತ್ತಕ್ಕೆ ಹೋಯಿತು. 2021ರ ಕೊನೆಯಲ್ಲಿ ಲೀಟರಿಗೆ 177 ಇದ್ದ ಪೆಟ್ರೋಲ್ ಆರೇ ತಿಂಗಳಲ್ಲಿ 470 ಆಯಿತು. ಆ ಬೆಲೆ ಕೊಡಲು ಸಿದ್ಧರಿದ್ದರೂ ಪೆಟ್ರೋಲ್ ಇರಲಿಲ್ಲ. ಸಾಲಿಗೆ ಸಿಂಹಳದಲ್ಲಿ "ಪೋಲಿಮ" ಎನ್ನುತ್ತಾರೆ. ಆ ತಿಂಗಳುಗಳಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಅದೊಂದೇ ಶಬ್ದ: ಗ್ಯಾಸಿಗೆ ಪೋಲಿಮ, ಸೀಮೆಎಣ್ಣೆಗೆ ಪೋಲಿಮ, ಹಾಲಿನ ಪುಡಿಗೆ ಪೋಲಿಮ. ಎದುರುಮನೆಯವರು ತ್ರೀವೀಲನ್ನು ಪೋಲಿಮದಲ್ಲಿ ನಿಲ್ಲಿಸಿ ಎರಡು ರಾತ್ರಿ ಅದರಲ್ಲೇ ಮಲಗಿ, ಸಿಕ್ಕ ಪೆಟ್ರೋಲಿನಲ್ಲಿ ಒಂದು ದಿನ ಬಾಡಿಗೆ ಓಡಿಸಿ, ಮತ್ತೆ ಪೋಲಿಮಕ್ಕೆ ಹೋಗುತ್ತಿದ್ದರು. ಬಿಸಿಲಿನಲ್ಲಿ ನಿಂತಲ್ಲೇ ಪ್ರಾಣ ಬಿಟ್ಟ ವೃದ್ಧರ ಸುದ್ದಿಗಳು ಬರುತ್ತಿದ್ದವು.

ಸರಕಾರಿ ಆಸ್ಪತ್ರೆಯಲ್ಲಿ ಶುಲ್ಕ ಆಗಲೂ ಇರಲಿಲ್ಲ. ವೈದ್ಯರು ಚೀಟಿ ಬರೆದು ಹೊರಗಿನ ಔಷಧ ಅಂಗಡಿಗೆ ಕಳಿಸುತ್ತಿದ್ದರು, ಅಲ್ಲಿ ಔಷಧವಿಲ್ಲ. ಎದುರುಮನೆಯ ಅಜ್ಜಿಯ ರಕ್ತದೊತ್ತಡದ ಮಾತ್ರೆಗಾಗಿ ನಾನು ಬೆಂಗಳೂರಿನಿಂದ ಬರುವವರ ಕೈಯಲ್ಲಿ ತರಿಸಿಕೊಟ್ಟೆ. ಅಮೆರಿಕಕ್ಕೆ ಬಂದು ಇಳಿದಾಗ ನನ್ನ ಹೊಸ ಸಹೋದ್ಯೋಗಿಗಳು ಅದೇ ಜೂನ್‌ನಲ್ಲಿ ಗ್ಯಾಲನ್ ಪೆಟ್ರೋಲಿಗೆ ಐದು ಡಾಲರ್ ದಾಟಿತೆಂದು ಇನ್ನೂ ಗೊಣಗುತ್ತಿದ್ದರು. ನಾನು ಬಂಕಿಗೆ ಹೋದಾಗ ಮುಂದೆ ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ ಬಂಕಿನ ಹುಡುಗ ಎಷ್ಟು ಹಾಕಲಿ ಎಂದಾಗ ಅರೆಕ್ಷಣ ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಆದ್ದರಿಂದ ಬಯಲುಸೀಮೆಯವರೇ, ನನ್ನ ಕಾಲುಗಳ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಅಮೆರಿಕದಲ್ಲಿ ಔಷಧವೇನೋ ಇದೆ, ಅದು ನನ್ನ ಕೈಗೆಟುಕುತ್ತದೆಯೋ ಇಲ್ಲವೋ ಎಂಬುದು ನನ್ನ ಕೆಲಸ ಉಳಿಯುವುದರ ಮೇಲೆ ನಿಂತಿದೆ. ಶ್ರೀಲಂಕಾದಲ್ಲಿ ನನ್ನ ಕೆಲಸ ಹೋದರೂ ಆಸ್ಪತ್ರೆಯ ಬಾಗಿಲು ಮುಚ್ಚುವುದಿಲ್ಲ, ಒಳಗೆ ಔಷಧವಿದೆಯೋ ಇಲ್ಲವೋ ಎಂಬುದು ದೇಶದ ಬೊಕ್ಕಸದಲ್ಲಿರುವ ಡಾಲರಿನ ಮೇಲೆ ನಿಂತಿದೆ. ಆದಾಯದ ಕೋಷ್ಟಕ ಹಾಕುವುದಕ್ಕಿಂತ, ಎಡವಿದಾಗ ಏನಾಗುತ್ತದೆ ಎಂದು ಅಳೆಯುವುದು ಹೆಚ್ಚು ಸರಿ ಎಂದು ನನಗೆ ತೋರುತ್ತದೆ: ಮನೆ ಎಡವಿದಾಗ ಒಂದು, ದೇಶ ಎಡವಿದಾಗ ಇನ್ನೊಂದು.

ಬಯಲುಸೀಮೆ

ಒಪ್ಪಿದ್ದಕ್ಕೆ ಧನ್ಯವಾದ. ಹಾಗಾದರೆ ಮುಂದಿನ ಪ್ರಶ್ನೆ. ಎಲ್ಲವನ್ನೂ ಉಚಿತವಾಗಿ ಕೊಟ್ಟದ್ದರಿಂದಲೇ ಅಲ್ಲವೇ ಆ ಬೊಕ್ಕಸ ಬರಿದಾದದ್ದು? ಮೇಷ್ಟ್ರು ಹೊಗಳಿದ ತೀರ್ಮಾನದ ಬಿಲ್ಲು 2022ರಲ್ಲಿ ಬಂತು ಎಂದು ಏಕೆ ಹೇಳಬಾರದು?

ಲೆಕ್ಕದ ಪುಸ್ತಕ

ಹೇಳಬಾರದು, ಏಕೆಂದರೆ ಲೆಕ್ಕ ಹಾಗೆ ತೋರಿಸುವುದಿಲ್ಲ. ಉತ್ಪನ್ನದ ಶೇ. 2ರಷ್ಟು ಆರೋಗ್ಯ ವೆಚ್ಚದಿಂದ ಯಾವ ದೇಶವೂ ದಿವಾಳಿಯಾಗುವುದಿಲ್ಲ. 2007ರಿಂದ ಅವರು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡುಗಳನ್ನು ಮಾರಿ, ಹೆಚ್ಚಿನ ಬಡ್ಡಿಗೆ ಡಾಲರ್ ಸಾಲ ಎತ್ತತೊಡಗಿದರು. ಆ ಹಣದಲ್ಲಿ ಆದ ಕಾಮಗಾರಿಗಳಲ್ಲಿ ಹಲವು ಡಾಲರ್ ದುಡಿಯುವಂಥವಲ್ಲ. 2019ರ ಏಪ್ರಿಲ್‌ನಲ್ಲಿ ಈಸ್ಟರ್ ದಿನದ ಬಾಂಬ್ ದಾಳಿ, ಮರುವರ್ಷ ಕೋವಿಡ್, ಎರಡೂ ಸೇರಿ ಪ್ರವಾಸೋದ್ಯಮವನ್ನು ಮಲಗಿಸಿದವು. ಈ ನಡುವೆ 2019ರ ಡಿಸೆಂಬರ್‌ನಲ್ಲಿ ಹೊಸ ಸರಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ 8ಕ್ಕೆ ಇಳಿಸಿತು. ತೆರಿಗೆ ಆದಾಯ ಉತ್ಪನ್ನದ ಶೇ. 8ರ ಆಸುಪಾಸಿಗೆ ಬಿತ್ತು, ಅದು ಜಗತ್ತಿನ ಅತಿ ಕಡಿಮೆ ಪ್ರಮಾಣಗಳಲ್ಲೊಂದು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಷೇಧಿಸಿದಾಗ ಭತ್ತವೂ ಚಹಾವೂ ಒಟ್ಟಿಗೆ ಹೊಡೆತ ತಿಂದವು. 2022ರಲ್ಲಿ ಭಾರತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟು ಇಂಧನ, ಔಷಧ ಕಳಿಸಿತು, 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸುಮಾರು 300 ಕೋಟಿ ಡಾಲರಿನ ಸಾಲ ಮಂಜೂರು ಮಾಡಿತು.

ಅಮೆರಿಕವೂ ಸಾಲದಲ್ಲಿ ಮುಳುಗಿದ ದೇಶವೇ. ಆದರೆ ಅದರ ಸಾಲ ಅದೇ ಅಚ್ಚು ಹಾಕುವ ಡಾಲರಿನಲ್ಲಿದೆ. ಶ್ರೀಲಂಕಾದ ವಿದೇಶಿ ಸಾಲ ಹೆಚ್ಚಾಗಿ ಇನ್ನೊಬ್ಬರು ಅಚ್ಚು ಹಾಕುವ ಡಾಲರಿನಲ್ಲಿದೆ. ಜೀವನಮಟ್ಟದ ಪಟ್ಟಿಗಳಲ್ಲಿ ಈ ವ್ಯತ್ಯಾಸಕ್ಕೆ ಅಂಕವೇ ಇಲ್ಲ, ಎದುರುಮನೆಯವರು ಎರಡು ರಾತ್ರಿ ತ್ರೀವೀಲಿನಲ್ಲಿ ಮಲಗಿದ್ದಕ್ಕೆ ಮೂಲ ಕಾರಣ ಮಾತ್ರ ಇದೇ.

ಇನ್ನೊಂದು ಮಾತು, ಈ ಸಲ ಬಯಲುಸೀಮೆಯವರ ಪರವಾಗಿ. "ಉಚಿತ" ಎಂಬುದನ್ನೂ ಪೂರ್ತಿ ನಂಬಬೇಡಿ. ಶ್ರೀಲಂಕಾದ ಒಟ್ಟು ಆರೋಗ್ಯ ವೆಚ್ಚದಲ್ಲಿ ಅರ್ಧದ ಸಮೀಪ ಜನರ ಜೇಬಿನಿಂದಲೇ ಹೋಗುತ್ತದೆ. ಬೆಳಿಗ್ಗೆ ಸರಕಾರಿ ಆಸ್ಪತ್ರೆಯಲ್ಲಿರುವ ತಜ್ಞರನ್ನೇ ಸಂಜೆ ಖಾಸಗಿಯಾಗಿ ಹಣ ಕೊಟ್ಟು ಕಾಣುವುದಕ್ಕೆ ಅಲ್ಲಿ "ಚಾನೆಲ್ ಮಾಡುವುದು" ಎನ್ನುತ್ತಾರೆ. ಶಾಲೆ ಉಚಿತ, ಆದರೆ ಶಾಲೆಯ ಕೊನೆಯಲ್ಲಿ ಬರೆಯುವ ಎ ಲೆವೆಲ್ ಪರೀಕ್ಷೆಗೆ ಟ್ಯೂಷನ್ ಇಲ್ಲದೆ ಕೂರುವವರು ವಿರಳ.

ಓಹಾಯೋ ದಾದಿ

ಟ್ಯೂಷನ್ ಎಂದಿರಿ, ಅಮೆರಿಕದ ಕಡೆಯಿಂದಲೂ ಒಂದು ಒಳ್ಳೆಯ ಮಾತು ಬರೆದುಬಿಡುತ್ತೇನೆ, ಇಲ್ಲಿಯವರೆಗೆ ಬರೀ ದೂರಿದ್ದೇನೆ. ನನ್ನ ಮಕ್ಕಳು ಹನ್ನೆರಡನೆಯ ತರಗತಿಯವರೆಗೆ ಸರಕಾರಿ ಶಾಲೆಯಲ್ಲೇ ಓದಿದರು. ಹಳದಿ ಬಸ್ಸು ಮನೆಯ ಹತ್ತಿರ ಬರುತ್ತದೆ, ಊರಿನ ಗ್ರಂಥಾಲಯದಲ್ಲಿ ಎಷ್ಟು ಪುಸ್ತಕ ಕೇಳಿದರೂ ಕೊಡುತ್ತಾರೆ, ಗಾಲಿಕುರ್ಚಿಯ ಮಗುವಿಗೆ ಇಳಿಜಾರು ಇಲ್ಲದ ಶಾಲೆ ನಾನು ನೋಡಿಲ್ಲ. ಈ ಕೊನೆಯದು ನಮ್ಮಲ್ಲಿ ಯಾವಾಗ ಬರುತ್ತದೋ. ಆದರೆ ಶಾಲೆಯ ಹಣದ ದೊಡ್ಡ ಪಾಲು ಆಯಾ ಊರಿನ ಮನೆಗಳ ಆಸ್ತಿ ತೆರಿಗೆಯಿಂದ ಬರುವುದರಿಂದ, ದುಬಾರಿ ಮನೆಗಳ ಊರಿಗೆ ಒಳ್ಳೆಯ ಶಾಲೆ ಸಿಗುವುದು ಹೆಚ್ಚು. ಎಡಿಸನ್‌ನವರು ಬಾಡಿಗೆಯ ರೂಪದಲ್ಲಿ ಆ ಟ್ಯೂಷನ್ ಹಣವನ್ನು ಕಟ್ಟುತ್ತಿರಬೇಕು.

ನುಗೇಗೊಡ–ಎಡಿಸನ್

ಕಟ್ಟುತ್ತಿದ್ದೇನೆ, ಪ್ರತಿ ತಿಂಗಳು ಒಂದನೇ ತಾರೀಕು.

ಅಕ್ಕನ ಮಗನಿಗೆ ಈ ಚರ್ಚೆಯನ್ನು ಕಳಿಸಿದೆ. ಎರಡು ದೇಶದ ಎರಡು ಕಂಬಸಾಲಿನ ಬದಲು ನಾಲ್ಕು ಮನೆಗಳನ್ನು ಹೋಲಿಸುತ್ತಾನಂತೆ: ಎಡಿಸನ್‌ನ ವಿಮೆಯಿರುವ ಮನೆ, ಓಹಾಯೋದ ವಿಮೆಯಿಲ್ಲದ ಮನೆ, ನುಗೇಗೊಡದ ತ್ರೀವೀಲ್ ಮನೆ, ನುವರ ಎಲಿಯದ ಸಾಲುಮನೆ. ಮೇಷ್ಟ್ರು ಅಂಕ ಕೊಡುತ್ತಾರೋ ಇಲ್ಲವೋ ಎಂಬ ಭಯ ಅವನಿಗಿದೆ, ಧಾರವಾಡದ ಮೇಷ್ಟ್ರು ಧೈರ್ಯ ಹೇಳಬೇಕು.

ಎದುರುಮನೆಯವರಿಗೆ ನಿನ್ನೆ ವಾಟ್ಸ್ಆ್ಯಪ್‌ನಲ್ಲಿ ಮಾತನಾಡಿದೆ. ದೊಡ್ಡ ಮಗಳು ಎ ಲೆವೆಲ್ ಮುಗಿಸಿ ಜಪಾನಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆಂದು ಆ ಭಾಷೆ ಕಲಿಯುತ್ತಿದ್ದಾಳೆ. ನಾನು ಇದ್ದಾಗ ಹುಟ್ಟಿದ ಚಿಕ್ಕವಳು ಶಾಲೆಗೆ ಹೋಗುತ್ತಿದ್ದಾಳೆ. ತ್ರೀವೀಲಿಗೆ ಈಗ ಪೆಟ್ರೋಲ್ ಸಿಗುತ್ತದೆ, ಬೆಲೆ ಮೊದಲಿನ ಸ್ಥಿತಿಗೆ ಬಂದಿಲ್ಲ. ಅಜ್ಜಿಯ ಮಾತ್ರೆ ಸರಕಾರಿ ಆಸ್ಪತ್ರೆಯಲ್ಲೇ ಸಿಗುತ್ತಿದೆಯಂತೆ. ಆದರೂ ಒಂದು ಡಬ್ಬಿ ಹೆಚ್ಚಿಗೆ ತೆಗೆದಿಡುತ್ತೇವೆ ಎಂದರು.